ಸೂಜಿಯಮ್ಮನ ಮೇಜು

ಒಂಟಿ ರೆಕ್ಕೆಯೊಂದು ಹಾದುಹೋಯಿತು, ಇನ್ನೊಂದೆಲ್ಲಿ ಎಂದುಕೊಳ್ಳುವಷ್ಟರಲ್ಲಿ ಅದೂ ಕಂಡಿತು, ಆಸಾಮಿ ಅದನ್ನು ಕೊಡೆಯ ಹಾಗೆ ಕಂಕುಳಲ್ಲಿ ಅವುಚಿಕೊಂಡಿದ್ದಾನೆ, ಇನ್ನೆಲ್ಲಿಗೆ ಹೋದಾನು, ಇಲ್ಲಿಗೇ ಬರಬೇಕು, ಮೆಟ್ಟಿಲ ಕೆಳಗಿನ ಈ ಮೇಜಿಗೆ, ಹರಿದದ್ದು ಮುರಿದದ್ದು ಬಿಚ್ಚಿಕೊಂಡದ್ದು ಎಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ — ಬಂದೇ ಬಂದ, ಅಂಟು ಹಾಕುವ ಕೆಲಸ ಪಕ್ಕದ ಮೇಜಿನ ಕಂಡಕ್ಟರನದು, ಬಸ್ಸಿನ ನೌಕರಿ ಬಿಟ್ಟು ಏಳು ವರ್ಷವಾದರೂ ಸಾಲಿನಲ್ಲಿ ನಿಂತವರಿಗೆ ಮುಂದೆ ಹೋಗಿ ಮುಂದೆ ಹೋಗಿ ಎನ್ನುವುದನ್ನು ಬಿಟ್ಟಿಲ್ಲ, ರೆಕ್ಕೆ ಅವನ ಕಡೆಗೆ ಹೋಯಿತು, ನನ್ನ ಕೈಯಲ್ಲಿರುವುದು ಯಾರದೋ ತೋಳು, ಬರೀ ತೋಳು, ಅದರ ಒಡೆಯ ಬನಿಯನ್ನಿನಲ್ಲಿ ಮುದುಡಿಕೊಂಡು ಕೂತಿದ್ದಾನೆ, ದಾರ ಪೋಣಿಸುವುದು ಇದು ಮೂರನೆಯ ಸಲ, ಸೂಜಿಯ ಕಣ್ಣೆಲ್ಲೋ ನನ್ನ ಕಣ್ಣೆಲ್ಲೋ, ಮೆಟ್ಟಿಲ ಮೇಲೆ ಸದ್ದಾದರೆ ಸಾಕು ತಲೆ ತಾನಾಗಿ ಮೇಲೇಳುತ್ತದೆ, ಅವಳಲ್ಲ, ಇದೂ ಅವಳಲ್ಲ, ಇದು ರಟ್ಟಿನ ಯಂತ್ರಮಾನವ, ಪಾಪ, ಮಂಡಿ ಮಡಿಸಲಾಗದೆ ಅಡ್ಡಡ್ಡ ಇಳಿಯುತ್ತಿದೆ. ಹಲ್ಲಿನ ಡಾಕ್ಟರು ಬೆಳಗ್ಗೆ ಯಾಕಾದರೂ ಹೇಳಿದರೋ, ಸಂಜೆ ಹೇಳಿದ್ದರೆ ಆಗುತ್ತಿರಲಿಲ್ಲವೇ, ವರ್ಷವೆಲ್ಲ ಹಲ್ಲು ಕೀಳುವ ಆ ಮನುಷ್ಯ ಎರಡು ದಿನ ಮಾತ್ರ ಈ ಸಮಾವೇಶ ನಡೆಸುತ್ತಾರೆ, ಗಗನನೌಕೆಯ ಆ ಹಳೆಯ ಧಾರಾವಾಹಿಯ ಅಭಿಮಾನಿಗಳನ್ನೆಲ್ಲ ಒಂದೇ ಸೂರಿನಡಿ ತುಂಬಿ, ವೇಷ ಕಟ್ಟಿಸಿ, ಎರಡನೆಯ ದಿನ ನಾಲ್ಕು ಗಂಟೆಗೆ ಮೆರವಣಿಗೆ ಹೊರಡಿಸಿ — ಬಾಗಿಲು ತೆಗೆಯುವ ಮುಂಚೆಯೇ ನನ್ನ ಹತ್ತಿರ ಬಂದರು, ಇಕ್ಕಳ ಬಾಯಿಗೆ ಹಾಕುವ ಮುನ್ನ ಏನೂ ಆಗಲ್ಲ ಎನ್ನುತ್ತಾರಲ್ಲ, ಅದೇ ದನಿ, ಸೂಜಿಯಮ್ಮ, ನಿಮ್ಮ ಮಗಳು ಪತ್ರ ಬರೆದಿದ್ದಾಳೆ, ಮುಂದಿನ ವರ್ಷದಿಂದ ವೇಷದ ವಿಭಾಗ ಪೂರ್ತಿ ತಾನು ನೋಡ್ಕೋತೀನಿ ಅಂದಿದ್ದಾಳೆ, ಇವತ್ತಿನ ಮೆರವಣಿಗೆಗೂ ಹೆಸರು ಕೊಟ್ಟಿದ್ದಾಳೆ. ಒಳ್ಳೇದಲ್ವಾ ಡಾಕ್ಟ್ರೇ ಅಂದೆ. ಒಳ್ಳೇದೇ, ಆದ್ರೆ ನೀವಿರ್ತೀರಾ ಅಂತ ಕೇಳಿದ್ದಾಳೆ. ಅಷ್ಟು ಹೇಳಿ ಜೇಬಿನಲ್ಲಿ ಇಲ್ಲದ ಏನನ್ನೋ ಹುಡುಕುತ್ತ ಹೊರಟುಹೋದರು. ನೀವಿರ್ತೀರಾ — ಇದ್ದರೆ ಬರುತ್ತೇನೆ ಎಂದೋ, ಇದ್ದರೆ ಬರುವುದಿಲ್ಲ ಎಂದೋ, ಎರಡು ಉತ್ತರವಿರುವ ಲೆಕ್ಕಗಳೂ ಇರುತ್ತವೆ ಮಕ್ಕಳೇ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು, ಈಗ ಅಂಥದ್ದೊಂದು ನನ್ನ ಮುಂದೆಯೇ ಬಂದು ಕೂತಿದೆ, ತೋಳನ್ನು ತಿರುವುಮುರುವಾಗಿ ಹೊಲಿದುಬಿಟ್ಟೆನಲ್ಲ, ಬಿಚ್ಚು, ಮತ್ತೆ ಬಿಚ್ಚು.

ಮೊದಲ ವರ್ಷ ಅವಳಿಗೆ ಹದಿನೈದು, ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು ಓಡಾಡುವವರ ಮಧ್ಯೆ ಒಬ್ಬಳನ್ನೇ ಕಳಿಸಲ್ಲ ಅಂದರು ನಮ್ಮವರು, ನೀನೂ ಹೋಗು, ಒಂದು ಕಡೆ ಕೂತ್ಕೊಂಡು ಅವಳ ಮೇಲೆ ಒಂದು ಕಣ್ಣಿಟ್ಟಿರು, ಕೂತೆ, ತೊಡೆಯ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು, ಅವಳು ದೂರದಲ್ಲಿ ಯಾರು ಯಾರೊಂದಿಗೋ ನಗುತ್ತಿದ್ದಳು, ಮನೆಯಲ್ಲಿ ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ, ಹೊಟ್ಟೆಯಿಂದ ಬರುವ ನಗು, ಅಷ್ಟರಲ್ಲಿ ಎದುರಿಗಿದ್ದ ಒಬ್ಬನ ಅಂಗಿಯ ಹೆಗಲು ಕಿತ್ತುಬಂತು, ನನ್ನ ಕೈಚೀಲದಲ್ಲಿ ಯಾವಾಗಲೂ ಸೂಜಿದಾರ ಇರುತ್ತದೆ, ಬಾಪ್ಪ ಇಲ್ಲಿ ಅಂದೆ, ಅಷ್ಟೇ ನಾನು ಮಾಡಿದ್ದು, ಬಾಪ್ಪ ಇಲ್ಲಿ, ತಲೆಯೆತ್ತಿದರೆ ಆರು ಜನ ಸಾಲಾಗಿ ನಿಂತಿದ್ದಾರೆ, ಮಾರನೆಯ ವರ್ಷ ಮೇಜು ಕೊಟ್ಟರು, ಅದರ ಮಾರನೆಯ ವರ್ಷ ಬೋರ್ಡು, ಧಾರಾವಾಹಿಯ ತಲೆಬುಡ ತಿಳಿಯದಿದ್ದರೂ ಕ್ಯಾಪ್ಟನ್ನನ ಅಂಗಿ ಕಂಕುಳಲ್ಲಿ ಬಿಡುತ್ತದೆ, ಅಡುಗೆಯವಳ ನಿಲುವಂಗಿ ಬೆನ್ನಲ್ಲಿ ಬಿಡುತ್ತದೆ ಎಂಬುದೆಲ್ಲ ಬಾಯಿಪಾಠವಾಯಿತು, ಸೂಜಿಯಮ್ಮ ಎಂದು ಮೊದಲು ಕರೆದವರು ಯಾರೋ, ಶಾಲೆಯಲ್ಲಿ ನನ್ನನ್ನು ಕಂಡರೆ ಮಕ್ಕಳು ಬಾಯಿ ಮುಚ್ಚುತ್ತಿದ್ದರು, ಇಲ್ಲಿ ನನ್ನನ್ನು ಕಂಡರೆ ಕೈ ಚಾಚುತ್ತಿದ್ದರು, ಒಬ್ಬಳು ತನ್ನ ಗಂಡ ಬಿಟ್ಟುಹೋದ ಕಥೆಯನ್ನು ಆರು ಗುಂಡಿ ಹೊಲಿಯುವಷ್ಟರಲ್ಲಿ ಹೇಳಿ ಮುಗಿಸಿದಳು, ಆರನೆಯದನ್ನು ನಾನೇ ನಿಧಾನ ಮಾಡಿದೆ. ಮಗಳು ಆಚೆ ಕಂಬದ ಹತ್ತಿರ ನಿಂತು ನೋಡುತ್ತಿದ್ದಳು, ಹೆಮ್ಮೆ ಎಂದುಕೊಂಡೆ, ಯಾರೋ ನೀನು ಸೂಜಿಯಮ್ಮನ ಮಗಳಾ ಎಂದು ಕೇಳಿದಾಗ ಅವಳ ಮುಖ ಹೇಗಾಯಿತು ಎಂದು ನೋಡಿದೆ, ನೋಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ಸುಳ್ಳು, ನೋಡಿದೆ, ನೋಡಿಯೂ ಗುಂಡಿ ಹೊಲಿಯುತ್ತಲೇ ಇದ್ದೆ.

ನಾಲ್ಕನೆಯ ವರ್ಷ ಆರು ತಿಂಗಳು ಕೋಣೆ ಬಾಗಿಲು ಹಾಕಿಕೊಂಡು ತಾನೇ ವೇಷ ಮಾಡಿದಳು, ನಾನು ಬಾಗಿಲು ತಟ್ಟಿ ಸಹಾಯ ಬೇಕಾ ಅಂದರೆ ಬೇಡ, ಮೆರವಣಿಗೆಗೆ ಹತ್ತು ನಿಮಿಷ ಇರುವಾಗ ಹಲ್ಲಿನ ಡಾಕ್ಟರು ಮೈಕಿನಲ್ಲಿ ನನ್ನನ್ನು ವೇದಿಕೆಗೆ ಕರೆದರು, ಏನೋ ಪದಕ, ಎಲ್ಲರೂ ಎದ್ದುನಿಂತು ಚಪ್ಪಾಳೆ, ನಾನು ನಾಚಿಕೊಂಡೆ, ಸುಳ್ಳು, ನಾಚಿಕೊಳ್ಳಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಹೊಡೆಯಲಿ ಎಂದು ನಿಂತೇ ಇದ್ದೆ — ಅದೇ ಹೊತ್ತಿಗೆ ಅವಳ ಜಿಪ್ಪು ಬಾಯಿಬಿಟ್ಟು ಅವಳು ಈ ಮೇಜಿಗೆ ಓಡಿಬಂದಿದ್ದಳಂತೆ, ಮೇಜು ಖಾಲಿ, ಎರಡೂ ಕೈಯಲ್ಲಿ ಬೆನ್ನು ಹಿಡಿದುಕೊಂಡು ಕಾದಳಂತೆ, ಮೆರವಣಿಗೆ ಹೊರಟುಹೋಯಿತು. ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು, ಶಾಲೇಲಿ ಲೆಕ್ಕದ ಟೀಚರ್ ಮಗಳು, ಮನೇಲಿ ನಿನ್ನ ಮಗಳು, ಅಲ್ಲೊಂದು ಕಡೆ ಬರೀ ನಾನಾಗಿದ್ದೆ ಅಮ್ಮ, ಅದನ್ನೂ ನೀನು ತಗೊಂಡೆ. ಪದಕ ನನ್ನ ಕೊರಳಲ್ಲೇ ಇತ್ತು, ತೆಗೆಯಬೇಕೆಂದು ಹೊಳೆಯಲಿಲ್ಲ. ಮರುವರ್ಷ ಅವಳು ಬರಲಿಲ್ಲ, ನಾನು ಬಂದೆ, ಮಗಳೇ ಹೋಗದ ಮೇಲೆ ನಿನಗೇನು ಕೆಲಸ ಅಲ್ಲಿ ಅಂದರು ನಮ್ಮವರು, ಒಪ್ಪಿಕೊಂಡಿದ್ದೀನಲ್ಲ ಅಂದೆ, ಒಂಬತ್ತು ವರ್ಷ ಒಪ್ಪಿಕೊಳ್ಳುತ್ತಲೇ ಬಂದೆ, ಅವಳಿಗೆ ಕೆಲಸ ಸಿಕ್ಕಿತು, ಬೇರೆ ಮನೆ ಮಾಡಿದಳು, ತಿಂಗಳಿಗೊಮ್ಮೆ ಬಂದು ಅಪ್ಪನ ಮಾತ್ರೆ, ಫ್ರಿಜ್ಜಿನ ಬಾಗಿಲು, ಪಕ್ಕದ ಮನೆಯವರ ನಾಯಿ, ಎಲ್ಲ ವಿಚಾರಿಸುತ್ತಾಳೆ, ಇದೊಂದನ್ನು ಬಿಟ್ಟು.

ಅಕ್ಕಾ, ಎನ್ನುತ್ತಾನೆ ಕಂಡಕ್ಟರು, ಅಕ್ಕಾ, ಸಾಲಿನಲ್ಲಿ ಅದು ನಿಮ್ಮ — ಸುಮ್ನಿರಪ್ಪ ಅಂದೆ, ನೋಡಿಯಾಯಿತು, ಒಂಬತ್ತನೆಯವಳು, ಬೂದು ಬಣ್ಣದ ನಿಲುವಂಗಿ, ಕೂದಲು ಎತ್ತಿ ಕಟ್ಟಿದ್ದಾಳೆ, ಮುಂದೆ ಬಾ ಎಂದು ಕರೆಯಲು ಬಾಯಿ ತೆರೆದವಳು ತುಟಿ ಕಚ್ಚಿಕೊಂಡೆ, ಕರೆದರೆ ಮತ್ತೆ ಸೂಜಿಯಮ್ಮನ ಮಗಳಾಗುತ್ತಾಳೆ, ಎಂಟು ಜನ, ಬೆಲ್ಟು, ಮುಖವಾಡದ ಎಲಾಸ್ಟಿಕ್ಕು, ಯಾರಿಗೆ ಏನು ಹೊಲಿದೆನೋ ಕಾಣೆ, ಮೂರು ಮುಕ್ಕಾಲು ಗಂಟೆ, ಎದುರಿಗೆ ಬಂದು ಬೆನ್ನು ತಿರುಗಿಸಿ ನಿಂತಳು, ಕುತ್ತಿಗೆ ಹತ್ರ ಬಿಟ್ಟಿದೆ ಅಂದಳು, ಗುರುತಿಲ್ಲದವರು ಹೇಳುವ ಹಾಗೆ. ಹೊಲಿಗೆ ಸಣ್ಣಗೆ, ಒತ್ತೊತ್ತಾಗಿ, ತುಸು ಎಡಕ್ಕೆ ವಾಲಿಕೊಂಡಿದೆ, ನಾನು ಕಲಿಸಿದ್ದಲ್ಲ, ಎಲ್ಲಿ ಕಲಿತಳೋ, ನನಗಿಂತ ಚೆನ್ನಾಗಿದೆ. ಆವತ್ತು ನಾನು ಮೇಜಿನ ಹತ್ರ ಇರಬೇಕಿತ್ತು ಅಂದೆ, ಒಂಬತ್ತು ವರ್ಷದ ಮಾತು, ದಾರದ ಗಂಟು ಹಾಕುತ್ತ ಹೇಳಿಬಿಟ್ಟೆ. ಅದಲ್ಲ ಅಮ್ಮ, ಅಂದಳು, ಅದಾದಮೇಲೂ ನೀನು ಬರ್ತಾನೇ ಇದ್ಯಲ್ಲ, ಅದು. ಸೂಜಿ ನಿಂತಿತು, ನನಗೆ ಇಷ್ಟ ಆಗ್ತಿತ್ತು ಕಣೇ ಅಂದೆ. ಗೊತ್ತು, ಅಂದಳು, ಮುಂದಿನ ವರ್ಷ ಬರಬೇಡ, ಒಂದು ವರ್ಷ, ಆಮೇಲೆ ನಾನೇ ಕರೀತೀನಿ. ಕರೆಯದಿದ್ದರೆ ಎಂದು ಕೇಳಬೇಕೆನಿಸಿತು, ಹ್ಞೂಂ ಅಂದೆ, ಹೊಲಿಗೆ ಮುಗಿದಿತ್ತು, ಕತ್ತರಿ ಕೈಗೆಟುಕುವಲ್ಲೇ ಇತ್ತು, ಆದರೂ ಬಾಗಿದೆ, ಹಲ್ಲಿನಿಂದ ದಾರ ಕಚ್ಚಿದೆ, ಅವಳ ಕುತ್ತಿಗೆ ನನ್ನ ತುಟಿಗೆ ಒಂದು ಬೆರಳಿನಷ್ಟು ದೂರ, ಬೆವರಿಗೆ ಅಂಟಿದ ಎಳೆಗೂದಲು, ಅವಳು ತಲೆ ತಗ್ಗಿಸಿ ಕೊಟ್ಟಳು, ಅಲ್ಲಾಡಲಿಲ್ಲ — ಈಗ ಗೋಡೆಯ ಆಚೆ ಚಪ್ಪಾಳೆ, ಮೆರವಣಿಗೆ ಹೋಗುತ್ತಿರಬೇಕು, ಕಂಡಕ್ಟರು ಹೋಗಿ ನೋಡಿ ಅಕ್ಕಾ ನಾನಿರ್ತೀನಿ ಎನ್ನುತ್ತಿದ್ದಾನೆ, ಹೋಗುವುದಿಲ್ಲ, ಮೇಜಿನ ಮೇಲೆ ಯಾರದೋ ಕೈಗವಸು, ಅದಕ್ಕೊಂದು ಬೆರಳು ಹೊಲಿಯಬೇಕು, ಮುಂದಿನ ವರ್ಷ ಈ ಹೊತ್ತಿಗೆ ನಾನು ಎಲ್ಲಿ, ಅಡುಗೆಮನೆಯಲ್ಲೋ, ಕಿಟಕಿಯ ಹತ್ತಿರವೋ, ಏನು ಮಾಡುತ್ತ, ಬೇಡ, ಆ ಕುತ್ತಿಗೆ, ತಗ್ಗಿಸಿ ಕೊಟ್ಟಳಲ್ಲ, ಎಳೆಗೂದಲು, ಒಂದು ಬೆರಳಿನಷ್ಟು, ಕತ್ತರಿ ಇತ್ತು, ಇತ್ತು ಎಂದು ಅವಳಿಗೂ ಗೊತ್ತಿತ್ತು, ಆದರೂ ತಗ್ಗಿಸಿದ ಆ ಕುತ್ತಿಗೆ, ಆ ಕುತ್ತಿಗೆ —