ಅಂಗಿ ಹಿಡಿದ ಕೈ

ಖಯೆಲಿತ್ಷಾ ಬಡಾವಣೆಯ ಟ್ಯಾಕ್ಸಿ ನಿಲ್ದಾಣದ ಪಕ್ಕ ಕುರಿತಲೆ ಸುಟ್ಟು ಮಾರುವ ನೊಜುಕೊಗೆ ಇದ್ದವನು ಮಗ ಲ್ವಾಂಡಿಲೆ ಒಬ್ಬನೇ. ಅವನಿಗೆ ಹದಿನಾರು ತುಂಬಿದ ವರ್ಷ, ಶಾಲೆ ಬಿಟ್ಟ ಹೊತ್ತಿನಲ್ಲಿ ಎರಡು ಕೇರಿಯ ಹುಡುಗರು ಮಚ್ಚು ಹಿಡಿದು ಬಡಿದಾಡಿದರು. ಹಿಂದಿನ ಬೀದಿಯ ಸಿವೆನಾತಿ ಸತ್ತ. ಮಚ್ಚು ಬೀಸಿದವನು ಬೇರೆಯವನು. ಓಡಿಹೋಗುತ್ತಿದ್ದ ಸಿವೆನಾತಿಯ ಅಂಗಿಯನ್ನು ಹಿಂದಿನಿಂದ ಜಗ್ಗಿ ಹಿಡಿದವನು ಲ್ವಾಂಡಿಲೆ.

ಮೊಕದ್ದಮೆ ಎಳೆದು ಎಳೆದು ಅವನಿಗೆ ಹದಿನೇಳಾಯಿತು. ಅಷ್ಟು ದಿನವೂ ಅವನನ್ನು ಊರಾಚೆಯ ಬಾಲಕರ ಕೇಂದ್ರದಲ್ಲಿ ಇಟ್ಟಿದ್ದರು. ನೊಜುಕೊ ಅವನ ಹಾಸಿಗೆಯನ್ನು ಮಡಚಿರಲಿಲ್ಲ. ಸಂಜೆ ಬೀದಿಯಲ್ಲಿ ಯಾರಾದರೂ ಚಪ್ಪಲಿ ಎಳೆದುಕೊಂಡು ನಡೆದರೆ ಅವಳ ಕೈಯ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಪಕ್ಕದ ಒಲೆಯವಳು ಗಿರಾಕಿಗಳಿಗೆ ಕೇಳುವಂತೆಯೇ ಅನ್ನುತ್ತಿದ್ದಳು: "ಹೆತ್ತ ಒಂದನ್ನ ಹದ್ದುಬಸ್ತಲ್ಲಿ ಇಡೋಕಾಗ್ಲಿಲ್ಲ, ಇವ್ಳು ಸುಟ್ಟ ತಲೆ ಮಾತ್ರ ಹದವಾಗಿರುತ್ತೆ ನೋಡು."

ಶಿಕ್ಷೆ ಹೇಳುವ ದಿನ, ಹುಡುಗರು ಇನ್ನೂ ಎಳೆಯರೆಂದು, ಹೊರಗಿನವರು ಬಾರದಂತೆ ನ್ಯಾಯಾಲಯದ ಬಾಗಿಲು ಹಾಕಿದ್ದರು. ಒಳಗೆ ಐದು ಹುಡುಗರು, ಅವರ ಮನೆಯವರು, ಆಚೆ ಬದಿಯ ಬೆಂಚಿನಲ್ಲಿ ಸಿವೆನಾತಿಯ ತಾಯಿ ನೊಕ್ವಾಂಡ. ಲ್ವಾಂಡಿಲೆಯನ್ನು ತಾಯಿಯ ಕಾವಲಿನಲ್ಲಿ ಮನೆಗೆ ಕಳಿಸಬೇಕೆಂದು ಅವನ ವಕೀಲ ಕೇಳಿಕೊಂಡ. ಮ್ಯಾಜಿಸ್ಟ್ರೇಟ್ ನರೆಗೂದಲಿನ ಹೆಂಗಸು. ಅವರು ಕನ್ನಡಕ ತೆಗೆದು ನೊಜುಕೊ ಕಡೆ ತಿರುಗಿದರು.

"ಕತ್ತಲಾದ್ಮೇಲೆ ಇವನನ್ನ ಮನೇಲಿ ಹಿಡಿದಿಡೋಕೆ ನಿಮ್ಮ ಕೈಲಾಗುತ್ತಾ ತಾಯಿ?"

ಆಗುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಇವತ್ತೇ ಮಗ ಮನೆಗೆ ಹೋಗುವ ವ್ಯಾನಿನಲ್ಲಿ ತನ್ನ ತೊಡೆಗೆ ತೊಡೆ ತಾಗಿಸಿ ಕೂರುತ್ತಾನೆ. ಅವಳು ಅವನ ಮುಖ ನೋಡಿದಳು. ಆಮೇಲೆ, ಯಾಕೋ, ನೊಕ್ವಾಂಡಳ ಮುಖ ನೋಡಿದಳು.

"ಆಗಲ್ಲ ತಾಯಿ," ಎಂದಳು. "ನಾನು ಮನೆ ಸೇರೋದೇ ಕತ್ತಲಾದ್ಮೇಲೆ. ಇವನ ಗುಂಪಿನೋರು ಬಂದು ಸಿಳ್ಳೆ ಹೊಡೆದ್ರೆ ತಡೆಯೋರು ಯಾರು? ಆ ಕಡೆಯೋರು ಮಚ್ಚು ತಗೊಂಡು ಬಂದ್ರೆ ಉಳಿಸೋರು ಯಾರು?"

ವಕೀಲ ತಲೆ ತಗ್ಗಿಸಿದ. ಮ್ಯಾಜಿಸ್ಟ್ರೇಟ್ ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: "ಹಿಡಿದ ಕೈಗೂ ಆ ಸಾವಲ್ಲಿ ಪಾಲಿದೆ. ಆದ್ರೆ ಈ ಕೈ ಇನ್ನೂ ಬೆಳೀತಾ ಇದೆ." ಮಚ್ಚು ಬೀಸಿದವನಿಗೆ ಜೈಲಾಯಿತು. ಲ್ವಾಂಡಿಲೆಗೆ ಅದೇ ಕೇಂದ್ರದಲ್ಲಿ ಇನ್ನು ಮೂರು ವರ್ಷ.

ಕರೆದುಕೊಂಡು ಹೋಗುವಾಗ ಅವನು ಅಮ್ಮನ ಮುಂದೆ ಒಂದು ಗಳಿಗೆ ನಿಂತ. "ನೀನೇ ಒಪ್ಪಿಸ್ಬಿಟ್ಟೆ, ಅಲ್ವಾ?" ಎಂದ.

ಅಂದಿನಿಂದ ಅವನು ಅವಳಿಗೆ ಮುಖ ಕೊಡಲಿಲ್ಲ. ಭಾನುವಾರ ಬಂತೆಂದರೆ ಅವಳು ಕರಿದ ರೊಟ್ಟಿ ಕಟ್ಟಿಕೊಂಡು ಹೋಗುವಳು. ಕಾವಲಿನವನು ಒಳಗೆ ಹೋಗಿ ಬಂದು ಒಮ್ಮೆ ಹೊಟ್ಟೆನೋವಂತೆ, ಒಮ್ಮೆ ನಿದ್ದೆಯಂತೆ ಎನ್ನುವನು. ಒಂದು ಸಲ ಅವನಿಗೇ ಬೇಸರವಾಗಿ, "ಬರಲ್ಲ ಅಂತಾನಮ್ಮ, ಸುಳ್ಳು ಯಾಕೆ ಹೇಳ್ಲಿ," ಎಂದ. ರೊಟ್ಟಿಯ ಡಬ್ಬ ಮಾತ್ರ ಖಾಲಿಯಾಗಿ ವಾಪಸ್ಸಾಗುತ್ತಿತ್ತು. ಅವಳು ಅದನ್ನು ಮನೆಗೆ ತಂದು, ತೊಳೆಯುವ ಮೊದಲು ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅವನ ಓರಗೆಯವರು ಗಂಡಸರಾಗುವ ದೀಕ್ಷೆಗೆ ಕಾಡಿಗೆ ಹೋದರು. ವಾರಗಳ ನಂತರ ಕಂಬಳಿ ಹೊದ್ದು, ಮೈಗೆ ಕೆಮ್ಮಣ್ಣು ಬಳಿದುಕೊಂಡು ತಿರುಗಿ ಬಂದರು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕುತ್ತ ಬೀದಿ ತುಂಬಿಕೊಂಡರು. ನೊಜುಕೊ ಒಲೆ ಬಿಟ್ಟು ಹೋಗಿ ನಿಂತಳು. ಪಕ್ಕದಲ್ಲಿ ಯಾರೋ ಬಂದು ನಿಂತರು, ತಿರುಗಿದರೆ ನೊಕ್ವಾಂಡ.

"ನಮ್ಮ ಇಬ್ರು ಹುಡುಗ್ರೂ ಈ ಸಲ ಹೋಗ್ಬೇಕಿತ್ತು," ಎಂದಳು ನೊಕ್ವಾಂಡ, ಹುಡುಗರ ಮೇಲಿನ ಕಣ್ಣು ತೆಗೆಯದೆ. "ನಿನ್ನೋನು ಮುಂದೆ ಯಾವತ್ತಾದ್ರೂ ಹೋಗ್ತಾನೆ ಬಿಡು."

ಹಾಡು ತಿರುವಿನಾಚೆ ಮರೆಯಾಗುವ ತನಕ ಇಬ್ಬರೂ ಅಲ್ಲೇ ನಿಂತರು.

ಆ ಭಾನುವಾರ ಲ್ವಾಂಡಿಲೆ ಹೊರಗೆ ಬಂದ. ಇನ್ನಷ್ಟು ಎತ್ತರವಾಗಿದ್ದ. ಬೆಂಚಿನ ಆ ತುದಿಯಲ್ಲಿ ಕೂತ.

"ಹುಡುಗ್ರು ಬಂದ್ರಂತೆ?"

"ಬಂದ್ರು."

"ಸಿವೆನಾತಿ ಅಮ್ಮ ನೋಡೋಕೆ ಬಂದಿದ್ರಾ?"

"ನನ್ನ ಪಕ್ಕಾನೇ ನಿಂತಿದ್ಲು ಮಗಾ."

ಅವನು ಅಂಗೈ ನೋಡಿಕೊಂಡ. "ನಾನು ಬಿಟ್ಟಿದ್ರೆ ಅವನು ತಪ್ಪಿಸ್ಕೊಳ್ತಿದ್ದ ಅಮ್ಮ. ನಮ್ಮೆಲ್ರಿಗಿಂತ ಜೋರಾಗಿ ಓಡೋನು."

ನೀನು ಬೀಸಲಿಲ್ಲವಲ್ಲ ಎಂದು ಸಮಾಧಾನ ಹೇಳಬಹುದಿತ್ತು. "ಹೌದಪ್ಪ," ಎಂದಳು. "ತಪ್ಪಿಸ್ಕೊಳ್ತಿದ್ದ."

ಅವನು ಅಳತೊಡಗಿದ. ಅವಳು ಹತ್ತಿರ ಸರಿದು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಕೂದಲಲ್ಲಿ ಅಲ್ಲಿಯದೇ ಯಾವುದೋ ಸೋಪಿನ ವಾಸನೆ. ಗಂಟೆ ಬಾರಿಸಿದಾಗ ಅವನು ಮುಖ ಒರೆಸಿಕೊಂಡು ಎದ್ದ.

"ಮುಂದಿನ ವಾರ ಬರ್ತೀಯಾ?"

"ಬರ್ದೆ ಇನ್ನೆಲ್ಲಿಗೆ ಹೋಗ್ಲಿ?"

ಬಾಗಿಲು ಮುಚ್ಚಿದ ಮೇಲೂ ಅವಳು ಎದ್ದಿರಲಿಲ್ಲ. ಕೊನೆಯ ವ್ಯಾನು ಹೊರಡುತ್ತದೆಂದು ಕಾವಲಿನವನು ಎರಡು ಸಲ ಕೂಗಬೇಕಾಯಿತು.