ಎರಡು ಪಾತ್ರೆ, ಒಂದು ‘ಹ್ಞೂಂ’

೧

ಎಲ್ಲಿಂದ ಶುರು ಮಾಡಲಿ? ಅಡುಗೆಮನೆಯಿಂದ ಮಾಡಿದರೆ, ಹೆಂಗಸಿನ ಕಥೆ ಅಂದರೆ ಒಲೆಯೇನಾ ಎಂದು ನೀವು ಮೂಗು ಮುರಿಯುತ್ತೀರಿ. ಆಸ್ಪತ್ರೆಯಿಂದ ಮಾಡಿದರೆ ಮೊದಲ ಪುಟದಲ್ಲೇ ನಿಮ್ಮ ಹತ್ತಿರ ಕಣ್ಣೀರು ಸಾಲ ಕೇಳಿದಂತಾಗುತ್ತದೆ. ಮೂರು ಸಲ ಬರೆದೆ, ಮೂರು ಸಲ ಹರಿದು ಹಾಕಿದೆ. (ಹರಿದದ್ದು ಬರೀ ಮಾತಿಗೆ. ಲ್ಯಾಪ್‌ಟಾಪಿನಲ್ಲಿ ಹರಿಯುವುದಕ್ಕೆ ಏನಿದೆ, ಡಿಲೀಟ್ ಒತ್ತಿದೆ.)

ಸರಿ, ಒಂದು ಸದ್ದಿನಿಂದ ಶುರು ಮಾಡುತ್ತೇನೆ. ಅವಳ ಗಂಡನಿಗೆ ಹೊಗಳುವುದಕ್ಕೆ ಬರುತ್ತಿರಲಿಲ್ಲ. ರುಚಿಯಾದದ್ದು ಬಾಯಿಗೆ ಬಿದ್ದರೆ ಕಣ್ಣು ಮುಚ್ಚಿ, ಗಂಟಲಿನ ಆಳದಿಂದ ‘ಹ್ಞೂಂ’ ಎನ್ನುತ್ತಿದ್ದ, ಅಷ್ಟೇ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಸಿಕ್ಕ ಬಹುಮಾನವೆಂದರೆ ಆ ಸದ್ದು. ಸೀರೆ ಒಡವೆ ಅಂತ ಅವಳು ಯಾವತ್ತೂ ಬಾಯಿ ಬಿಟ್ಟವಳಲ್ಲ. ಆ ಸದ್ದು ದಿನಕ್ಕೊಂದು ಸಲ ಕೇಳಿಸಿದರೆ ಸಾಕಿತ್ತು.

೨

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗಾಜು ಬದಲಿಸುತ್ತ, ‘ಇದು ಚೆನ್ನಾಗಿ ಕಾಣುತ್ತಾ, ಇಲ್ಲಾ ಇದಾ?’ ಎಂದು ದಿನವಿಡೀ ಕೇಳುವುದು ಅವಳ ಕೆಲಸ. ಅವನು ಲಿಫ್ಟ್ ರಿಪೇರಿಯವನು. ಹೋದ ಚಳಿಗಾಲದಲ್ಲಿ ಯಾವುದೋ ಆಫೀಸಿನ ಲಿಫ್ಟಿನೊಳಗೆ ಎದೆ ಹಿಡಿದುಕೊಂಡು ಕುಸಿದ. ಪುಣ್ಯಕ್ಕೆ ಬದುಕಿದ. ಡಾಕ್ಟರಮ್ಮ ಅವನನ್ನು ಬಿಟ್ಟು ಅವಳನ್ನು ಪಕ್ಕಕ್ಕೆ ಕರೆದರು.

“ಉಪ್ಪು ಅರ್ಧಕ್ಕರ್ಧ ಕಡಿಮೆ. ಬೆಣ್ಣೆ ಬೇಡ, ಕರಿದದ್ದು ಬೇಡ. ಅವರ ಕೈಲಿ ಆಗೋ ಮಾತಲ್ಲ ಇದು. ನೀವೇ ನೋಡ್ಕೋಬೇಕಮ್ಮ.”

ಅವಳು ನೋಡಿಕೊಂಡಳು. ಕಣ್ಣಲ್ಲಿ ಕಣ್ಣಿಟ್ಟು ಕಾದಳು. (ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದವನಿಗೆ ಬಿಪಿ ಇದ್ದಿರಲಾರದು.) ಅವನು ತುಟಿ ಪಿಟಕ್ಕೆನ್ನದೆ ಹಾಕಿದ್ದನ್ನೆಲ್ಲ ತಿಂದ. ತೂಕ ಇಳಿಯಿತು, ಬಿಪಿ ಇಳಿಯಿತು, ಜೊತೆಗೆ ಆ ಸದ್ದೂ ನಿಂತುಹೋಯಿತು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದಳೇನೋ. ಅವನು ತಟ್ಟೆ ಎತ್ತಿಕೊಂಡು ತೊಳೆಯುವುದಕ್ಕೆ ಹೋಗುತ್ತಿದ್ದ.

೨ (ಮತ್ತೊಮ್ಮೆ, ಯಾಕೆಂದರೆ ಮೊದಲ ಸಲ ಒಬ್ಬರನ್ನು ಬಿಟ್ಟಿದ್ದೆ)

ಬಿಟ್ಟದ್ದು ನಾದಿನಿಯನ್ನು, ಅಂದರೆ ಅವನ ತಂಗಿಯನ್ನು. ಹದಿನೈದು ದಿನದ ಹಿಂದೆ ಅಣ್ಣನನ್ನು ನೋಡಿಹೋಗಲು ಬಂದಳು. ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ ಡಬ್ಬಿ ತುಂಬ ತಂದಿದ್ದಳು. ಅತ್ತಿಗೆ ಒಳಗೆ ಚಹಾಕ್ಕೆ ನೀರಿಟ್ಟಿದ್ದಳು. ಅಷ್ಟರಲ್ಲಿ ಹೊರಗಿನಿಂದ ಕೇಳಿಸಿತು.

ಹ್ಞೂಂ.

ಅವಳ ಹೊಟ್ಟೆಗೆ ಬೆಂಕಿ ಬಿತ್ತು. ಅವನು ತಿಂದದ್ದು ಎರಡೇ ತುಂಡು. ಅದರಿಂದ ಅವನಿಗೇನಾದೀತೋ ಎಂಬ ಭಯ ಆಮೇಲೆ ಬಂತು, ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನಾನು ಉಪ್ಪು ಅಳೆದು ಅಳೆದು ಇವನ ಜೀವ ಉಳಿಸಲಿ, ಇವಳು ಡಬ್ಬಿ ತಂದು ಆ ಸದ್ದನ್ನು ಹೊಡೆದುಕೊಂಡು ಹೋಗಲಿ. ಜೀವ ಕಾಯುವವಳು ಜೈಲರು, ಬೆಣ್ಣೆ ತಿನ್ನಿಸುವವಳು ಬಂಗಾರದಂಥ ತಂಗಿ. ಎಲ್ಲಿಯ ನ್ಯಾಯ?

ಈ ಜಾಗದಲ್ಲಿ ನಾನು ನಾದಿನಿಯನ್ನು ಚೆನ್ನಾಗಿ ಕೆಟ್ಟವಳನ್ನಾಗಿ ಮಾಡಿದ್ದೆ. ಸಣ್ಣ ಕಣ್ಣು, ಕೊಂಕು ಮಾತು, ಎಲ್ಲ ಕೊಟ್ಟಿದ್ದೆ. ಅವಳು ಒಪ್ಪಲಿಲ್ಲ.

“ನಾನೇನ್ರೀ ಮಾಡಿದ್ದು? ನಮ್ಮಣ್ಣ ಕಡ್ಡಿ ಆಗಿದ್ದಾನೆ. ನೋಡಿ ಕರುಳು ಚುರ್ ಅಂತು. ಚಿಕ್ಕಂದಿನಲ್ಲಿ ಆಲೂಗಡ್ಡೆ ಅಂದ್ರೆ ಪ್ರಾಣ ಬಿಡ್ತಿದ್ದ, ಮಾಡಿ ತಂದೆ. ಅಷ್ಟಕ್ಕೇ ನನ್ನ ರಾಕ್ಷಸಿ ಮಾಡ್ತೀರಾ?”

ಮಾತಿನಲ್ಲಿ ಹುರುಳಿತ್ತು. ಸಣ್ಣ ಕಣ್ಣು, ಕೊಂಕು ಮಾತು ಎರಡನ್ನೂ ವಾಪಸ್ ತೆಗೆದುಕೊಂಡೆ.

೪

(ಮೂರು ಇಲ್ಲ. ಅದರಲ್ಲಿ ನಾದಿನಿಯ ಮೇಲೆ ಸೇಡು ತೀರಿಸಿಕೊಳ್ಳುವ ಒಂದು ಉಪಾಯವಿತ್ತು, ಅಷ್ಟೇನೂ ಚೆನ್ನಾಗಿರಲಿಲ್ಲ.)

ಭಾನುವಾರ ಅವಳೇ ಎಲ್ಲರನ್ನೂ ಮಧ್ಯಾಹ್ನದ ಊಟಕ್ಕೆ ಕರೆದಳು. ಎಲ್ಲರೂ ಅಂದರೆ ಇಬ್ಬರು: ನಾದಿನಿ, ಮತ್ತೆ ಅವನ ಜೊತೆ ಲಿಫ್ಟ್ ಕೆಲಸ ಮಾಡುವ ಗೆಳೆಯ. ಏನು ಬಡಿಸಿದರೂ ಎರಡು ಸಲ ಹಾಕಿಸಿಕೊಳ್ಳುವುದರಿಂದ ಅವನಿಗೆ ಡಬಲ್ ಎಂದೇ ಹೆಸರು.

ಒಲೆಯ ಮೇಲೆ ಎರಡು ಪಾತ್ರೆ. ಎರಡರಲ್ಲೂ ಕಾಳು, ತರಕಾರಿಯ ಗಟ್ಟಿ ಸೂಪು. ದೊಡ್ಡದು ಬಂದವರಿಗೆ, ಅದಕ್ಕೆ ಕೆನೆ, ಬೆಣ್ಣೆ, ಧಾರಾಳ ಉಪ್ಪು. ಚಿಕ್ಕದು ಅವನಿಗೆ, ಅದಕ್ಕೆ ನಿಂಬೆಹಣ್ಣು, ಮೆಣಸು ಮತ್ತು ಅವಳ ಹಟ. ನೆಂಟರು ಬಂದರೆಂದು ಪಥ್ಯ ಬಿಡುವುದು ಬೇಡ, ಪಥ್ಯವೆಂದು ನೆಂಟರನ್ನು ಬಿಡುವುದೂ ಬೇಡ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

“ರೀ ಕಥೆಗಾರರೇ, ಇವತ್ತು ಅವರು ನನ್ನ ಅಡುಗೆಗೆ ಹ್ಞೂಂ ಅನ್ನಬೇಕು. ಅವಳೆದುರಿಗೇ ಅನ್ನಬೇಕು. ಬರೀರಿ.”

“ಬರೆಯಬಹುದಮ್ಮ. ಆದರೆ ನಾನು ಬರೆದು ಅನ್ನಿಸಿದ್ದು ನಿಮಗೆ ಸಮಾಧಾನ ಕೊಡುತ್ತಾ?”

“ನಿಮಗೇನು ಗೊತ್ತು ನನ್ನ ಸಂಕಟ?”

(ಗೊತ್ತು. ನನ್ನ ಗೆಳೆಯರೊಬ್ಬರಿದ್ದಾರೆ, ಅವರೂ ಕಥೆಗಾರರೇ. ಕಥೆಗೆ ಬೆಣ್ಣೆ, ಸಕ್ಕರೆ, ಸಾವು, ಮರುಮಿಲನ ಎಲ್ಲ ಸುರಿಯುತ್ತಾರೆ. ಅದನ್ನು ಓದುವಾಗ ನನ್ನ ಮನೆಯವರೇ ಸೋಫಾದಲ್ಲಿ ಕೂತು ಹ್ಞೂಂ ಎಂದದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. ನನ್ನ ಕಥೆ ಓದಿದಾಗ ‘ಚೆನ್ನಾಗಿದೆ’ ಎನ್ನುತ್ತಾರೆ.)

೫

ಊಟಕ್ಕೆ ಕೂತರು. ನಾದಿನಿ ಚೀಲದಿಂದ ಡಬ್ಬಿ ತೆಗೆದಳು.

“ಬೈಬೇಡಿ ಅತ್ತಿಗೆ, ಸ್ವಲ್ಪವೇ ತಂದಿದ್ದೀನಿ.”

“ಬೈಯೋದ್ಯಾಕೆ,” ಎಂದಳು ಅವಳು. ನಗು ತುಟಿಯ ತನಕ ಮಾತ್ರ ಬಂತು.

ಮುಚ್ಚಳ ತೆಗೆದದ್ದೇ ತಡ, ಬೆಣ್ಣೆಯ ವಾಸನೆ ಕೋಣೆ ತುಂಬಿತು. ಅವನ ತಲೆ ಡಬ್ಬಿಯ ಕಡೆ ತಿರುಗಿತು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಒಳಗೆ ಹೋದಳು. ಅವನ ಬಟ್ಟಲು ಕೈಯಲ್ಲಿತ್ತು. ಸೌಟು ಚಿಕ್ಕ ಪಾತ್ರೆಯ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ದೊಡ್ಡ ಪಾತ್ರೆಗೆ ಇಳಿಯಿತು.

ಕೈತಪ್ಪಿ ಆಯಿತು ಎಂದು ಬರೆಯಿರಿ ಎಂದು ಅವಳು ನನ್ನನ್ನು ಗೋಗರೆದಳು. ಬರೆಯಲಿಲ್ಲ. ಕೈ ತಪ್ಪಿರಲಿಲ್ಲ. ಅಷ್ಟು ತಿಂಗಳು ಕಾದ ಜೀವವನ್ನು ಒಂದು ಸದ್ದಿನ ಆಸೆಗೆ ಅವಳೇ ಪಣಕ್ಕಿಟ್ಟಳು. ಹೊಟ್ಟೆಕಿಚ್ಚಿಗೆ ಯಾವ ಡಾಕ್ಟರೂ ಪಥ್ಯ ಬರೆದುಕೊಟ್ಟಿಲ್ಲ.

ಅವನು ಒಂದು ಚಮಚ ಬಾಯಿಗಿಟ್ಟ. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವನ ಕಣ್ಣು ಮುಚ್ಚಲಿಲ್ಲ, ಮುಖ ಸೊಟ್ಟಗಾಯಿತು. ಲೋಟ ಎತ್ತಿ ಗಟಗಟ ನೀರು ಕುಡಿದ.

“ಉಪ್ಪು ಮುಂದಾಗಿದೆ ಕಣೇ. ಇದು ನನ್ನ ಪಾತ್ರೇದಲ್ಲ ಅನ್ಸುತ್ತೆ. ನಂದು ಹಾಕು.”

“ಸರಿಯಾಗೇ ಇದೆಯಲ್ಲೋ,” ಎಂದ ಡಬಲ್, ಎರಡನೆಯ ಬಟ್ಟಲು ಮುಗಿಸುತ್ತ.

“ನಿನಗೆ ಸರಿ. ನನ್ನ ನಾಲಿಗೆ ಈಗ ಇವಳ ಕೈಗೆ ಒಗ್ಗಿಹೋಗಿದೆ.”

ಅವಳು ಬಟ್ಟಲು ಎತ್ತಿಕೊಂಡು ಒಳಗೆ ಓಡಿದಳು. ಚಿಕ್ಕ ಪಾತ್ರೆಯಿಂದ ಬಡಿಸಿ ತಂದಿಟ್ಟಳು. ನಾಚಿಕೆ, ಭಯ, ಖುಷಿ ಎಲ್ಲ ಒಟ್ಟಿಗೇ ನುಗ್ಗಿದ್ದವು.

೬

(ಇಲ್ಲಿಗೆ ಮುಗಿಸಿದರೆ ಚೆಂದವಿತ್ತು. ಪತ್ರಿಕೆಯವರಿಗೂ ಇಷ್ಟವಾಗುತ್ತಿತ್ತು. ಆದರೆ ಆಲೂಗಡ್ಡೆ ಇನ್ನೂ ಮೇಜಿನ ಮೇಲಿದೆ.)

ನಾದಿನಿ ಅಣ್ಣನ ತಟ್ಟೆಗೆ ನಾಲ್ಕು ತುಂಡು ಹಾಕಿದಳು. ಅವನು ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ‘ಹ್ಞೂಂ’ ಎಂದ. ಅದೇ ಸದ್ದು, ಅಷ್ಟೇ ಆಳದಿಂದ. ಅವಳ ಖುಷಿ ಜರ್‍ರನೆ ಇಳಿದುಹೋಯಿತು.

ಅಷ್ಟರಲ್ಲಿ ನಾದಿನಿಗೆ ಫೋನ್ ಬಂತು, ಎದ್ದು ಬಾಲ್ಕನಿಗೆ ಹೋದಳು. ಅವನು ಉಳಿದ ಮೂರು ತುಂಡನ್ನೂ ಸದ್ದಿಲ್ಲದೆ ಡಬಲ್‌ನ ತಟ್ಟೆಗೆ ದಾಟಿಸಿದ. ಡಬಲ್ ಇಂಥ ವಿಷಯದಲ್ಲಿ ಪ್ರಶ್ನೆ ಕೇಳುವವನಲ್ಲ.

ಅವಳು ನೋಡಿದಳು. ತಟ್ಟೆ ತೆಗೆಯುವಾಗ ಮೆಲ್ಲಗೆ ಕೇಳಿದಳು.

“ಯಾಕ್ರೀ, ಚೆನ್ನಾಗಿರಲಿಲ್ವಾ?”

“ಬರೀ ಬೆಣ್ಣೆ. ಗಂಟಲಿಗೆ ಅಂಟ್ಕೊಂಡ್ಬಿಡ್ತು.”

“ಮತ್ತೆ ಹ್ಞೂಂ ಅಂದ್ರಲ್ಲ?”

“ಪಾಪ, ಆಸೆಯಿಂದ ಮಾಡ್ಕೊಂಡು ಬಂದಿದ್ದಾಳೆ. ಬೇಜಾರು ಮಾಡೋಕಾಗುತ್ತಾ?”

ಗೆದ್ದೆ ಎಂದುಕೊಂಡಳು. ನಾದಿನಿಗೆ ಸಿಕ್ಕದ್ದು ಬರೀ ಮರ್ಯಾದೆಯ ಸದ್ದು. ತಟ್ಟೆಗಳನ್ನು ಹಗುರ ಹೆಜ್ಜೆಯಲ್ಲಿ ಸಿಂಕಿಗೆ ಒಯ್ದಳು, ನಲ್ಲಿ ತಿರುಗಿಸಿದಳು. ಅಲ್ಲಿಗೆ ಕೈ ನಿಂತುಹೋಯಿತು.

ಹಾಗಾದರೆ ಇಪ್ಪತ್ತು ವರ್ಷ ನನಗೆ ಅಂದದ್ದು?

೭

ಅವಳ ಹೊಟ್ಟೆಕಿಚ್ಚು ಈಗ ನಾದಿನಿಯನ್ನು ಬಿಟ್ಟು ಬೇರೆ ಕಡೆ ತಿರುಗಿತ್ತು. ಇದೇ ಒಲೆಯ ಮುಂದೆ ನಿಂತು, ಹೊರಗಿನ ಆ ಸದ್ದು ಕೇಳಿ ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತಿದ್ದ ಹಳೆಯ ತನ್ನ ಮೇಲೆ. ಎಷ್ಟು ಸುಖವಾಗಿದ್ದಳು ಅವಳು. ಎಷ್ಟು ನಂಬಿದ್ದಳು.

ನಾನು ಗಾಬರಿಯಾಗಿ ಮುಕ್ತಾಯಗಳನ್ನು ಮುಂದಿಟ್ಟೆ, ಅವಳ ಅಂಗಡಿಯ ರೀತಿಯಲ್ಲೇ.

“ಇದು ನೋಡಿ. ಹಳೆಯದೆಲ್ಲ ನಿಜವಾದ ರುಚಿಗೇ ಅಂದದ್ದು. ಈಗಿನ ಮೌನ ಬರೀ ಅಭ್ಯಾಸ. ಇಲ್ಲಾ ಇದು: ಹಳೆಯದೆಲ್ಲ ಮರ್ಯಾದೆಗೆ ಅಂದದ್ದು, ಈಗ ನಿಮ್ಮ ಹತ್ತಿರ ಮರ್ಯಾದೆಯ ಹಂಗಿಲ್ಲ, ಸುಮ್ಮನೆ ತಿನ್ನುತ್ತಾರೆ, ಅದೇ ಪ್ರೀತಿ. ಯಾವುದು ಚೆನ್ನಾಗಿ ಕಾಣುತ್ತೆ?”

“ಎರಡೂ ಮಂಜು ಮಂಜಾಗೇ ಇದೆ,” ಎಂದಳು. “ಗಿರಾಕಿ ಹೀಗಂದ್ರೆ ನಾವು ಗಾಜು ಬದಲಾಯಿಸ್ತಾ ಕೂರಲ್ಲ. ಸ್ವಲ್ಪ ಕಣ್ಮುಚ್ಕೊಂಡು ಕೂತ್ಕೊಳ್ಳಿ ಅಂತೀವಿ.”

“ಅವರನ್ನೇ ಕೇಳಿಬಿಡಿ.”

“ಕೇಳಿದ್ರೆ ನನಗೆ ಬೇಜಾರಾಗದ ಹಾಗೆ ಹೇಳ್ತಾರೆ. ಅದೇ ಅಲ್ವಾ ತೊಂದರೆ.”



೮

ನಾದಿನಿ, ಡಬಲ್ ಇಬ್ಬರೂ ಹೊರಟರು. ಅವಳು ಮೆಟ್ಟಿಲ ತನಕ ಹೋಗಿ ಕಳಿಸಿದಳು. ನಾದಿನಿ ಕೈ ಹಿಡಿದುಕೊಂಡು, “ಅಣ್ಣನ್ನ ಎಷ್ಟು ಚೆನ್ನಾಗಿ ನೋಡ್ಕೋತೀರಿ ಅತ್ತಿಗೆ. ನನಗೆ ಹೊಟ್ಟೆಕಿಚ್ಚಾಗುತ್ತೆ,” ಎಂದಳು. ನಾನು ಬರೆದ ಮಾತಲ್ಲ ಅದು, ಅವಳಾಗಿಯೇ ಆಡಿದ್ದು.

ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅಡುಗೆಮನೆಯಲ್ಲಿ ಮುಚ್ಚಳ ತೆಗೆದ ಸದ್ದಾಯಿತು. ಬಾಗಿಲ ಮರೆಯಿಂದ ಇಣುಕಿದಳು. ಅವನು ಈ ಕಡೆ ಬೆನ್ನು ಮಾಡಿ ನಿಂತಿದ್ದ. ಎದುರಿಗೆ ಚಿಕ್ಕ ಪಾತ್ರೆ. ತಳದಲ್ಲಿ ಉಳಿದಿದ್ದ ತಣ್ಣನೆಯ ಸೂಪನ್ನು ಚಮಚದಲ್ಲಿ ಬಳಿಯುತ್ತಿದ್ದ. ಮನೆಯಲ್ಲಿ ತಾನೊಬ್ಬನೇ ಎಂದುಕೊಂಡಿದ್ದ. ಒಬ್ಬನೇ ಇರುವವನು ಯಾರ ಮರ್ಯಾದೆಗೂ ಏನೂ ಅನ್ನಬೇಕಾಗಿಲ್ಲ.

ಅವಳು ಅಲ್ಲೇ ನಿಂತು ಕಿವಿಗೊಟ್ಟಳು. ಚಮಚ ಮೇಲೆ ಹೋಯಿತು.

ಓದುಗರೇ, ಇದು ಕಥೆಯ ಬಹಳ ಮುಖ್ಯವಾದ ಜಾಗ. ಈಗ ಅವನು ಸದ್ದು ಮಾಡಿದರೆ ಇಪ್ಪತ್ತು ವರ್ಷ ಅವಳದು, ಮಾಡದಿದ್ದರೆ ಆ ವರ್ಷಗಳ ಗತಿಯೇನು, ಅಥವಾ ಮಾಡದಿದ್ದರೂ ತಳ ಬಳಿದು ತಿನ್ನುವುದಕ್ಕೆ ಏನರ್ಥ ಎಂದು ನಾನು ವಿವರವಾಗಿ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವಳು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು.

“ರೀ, ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ? ನಿಮ್ಮ ಮಾತಿನಲ್ಲಿ ನನಗೇನೂ ಕೇಳಿಸ್ತಿಲ್ಲ.”