ಅಜ್ಜಿ ಹಾಕದ ಕಸೂತಿ

ವಸಂತ ಬಂತೆಂದು ಮನೆ ಸಿಂಗರಿಸುವ ಹುಮ್ಮಸ್ಸಿನಲ್ಲಿ ಅವಳು ಹಳೇ ಸಾಮಾನಿನ ಅಂಗಡಿಯಿಂದ ಹೂಬಳ್ಳಿಯ ಕಸೂತಿಯಿದ್ದ ಮೇಜುಬಟ್ಟೆಯೊಂದನ್ನು ಹುಡುಕಿ ತಂದಿದ್ದಳು. ಚಹಾಕ್ಕೆ ಬಂದ ಗೆಳತಿಯರು ಅದನ್ನು ಹೊಗಳಿದ್ದೇ ತಡ, ಅವಳ ನಾಲಿಗೆ ಜಾರಿತು.

"ನಮ್ಮಜ್ಜಿ ಹಾಕಿದ್ದು ಕಣ್ರೇ. ನನಗೋಸ್ಕರಾನೇ ಎತ್ತಿಟ್ಟಿದ್ರು."

ಮಹಡಿಮನೆಗೆ ಹೊಸದಾಗಿ ಬಂದಿದ್ದ ವಯಸ್ಸಾದ ಟೀಚರು ಮಾತ್ರ ಕಸೂತಿಯ ಒಂದು ನೇರಳೆ ಬಣ್ಣದ ಎಲೆಯ ಮೇಲೆ ಬೆರಳಾಡಿಸುತ್ತ ಕೂತಿದ್ದರು.

"ಹಸಿರು ದಾರ ಸಾಲದೆ ನಮ್ಮಮ್ಮನೂ ಒಂದು ಎಲೆ ಹೀಗೇ ನೇರಳೆಯಲ್ಲಿ ಮುಗಿಸಿದ್ರು. ಅವರು ಹೋದ್ಮೇಲೆ ನಮ್ಮಣ್ಣ ಮನೆ ಸಾಮಾನೆಲ್ಲ ಮಾರಿಬಿಟ್ಟ," ಎಂದರು. ಆಮೇಲೆ ಅವಳತ್ತ ನೋಡದೆ, "ನಿಮ್ಮಜ್ಜಿ ಕೈ ಚೆನ್ನಾಗಿತ್ತಮ್ಮ," ಎಂದು ಸೇರಿಸಿದರು.

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವಳಿಗೆ. ಎಲ್ಲರೂ ಹೋದಮೇಲೆ ಬಟ್ಟೆಯನ್ನು ಮಡಚಿಕೊಂಡು ಮೆಟ್ಟಿಲು ಹತ್ತಿದಳು.

"ಇದು ನಮ್ಮಜ್ಜಿದಲ್ಲ ಟೀಚರ್, ಅಂಗಡಿಯಿಂದ ತಂದಿದ್ದು. ಸುಮ್ನೆ ಜಂಭಕ್ಕೆ ಹಾಗಂದ್ಬಿಟ್ಟೆ."

"ಗೊತ್ತಾಯ್ತು," ಎಂದ ಟೀಚರು ಬಟ್ಟೆಯನ್ನು ಎದೆಗೆ ಅವಚಿಕೊಂಡರು. "ಅಷ್ಟು ಜನರ ಮುಂದೆ ಹೇಗಮ್ಮ ಹೇಳ್ಲಿ? ಬಾ, ಒಳಗೆ ಬಾ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ತಲೆ ತಗ್ಗಿಸಿಕೊಂಡೇ ಒಳಗೆ ಹೋಗಿ, ಅವರು ತೋರಿಸಿದ ಕುರ್ಚಿಯ ಅಂಚಿನಲ್ಲಿ ಕೂತಳು.